ಸಹಿಗೆ ಅಡ್ಡಬಂದ ಭಾಷೆಯ ಹೆಸರು

‘ಭಾಷೆ–ಉಪಭಾಷೆ’ ಅಂದರೆ ನಾವು ಎರಡಂಕದ ಟಿಪ್ಪಣಿ ಬರೆದು ಮುಗಿಸ್ತೀವಿ. ಅದೇ ಪ್ರಶ್ನೆಗೆ ಎರಡು ಸ್ಲಾವ್ ದೇಶಗಳು ಎಷ್ಟು ಹೆಣಗಿವೆ ನೋಡಿ.

ಯುಗೊಸ್ಲಾವಿಯದಿಂದ ಬೇರೆಯಾದ ಮ್ಯಾಸಿಡೋನಿಯಕ್ಕೆ 1992ರ ಜನವರಿಯಲ್ಲಿ, ಹಲವರು ಹಿಂದೆಮುಂದೆ ನೋಡುತ್ತಿದ್ದಾಗ, ನೆರೆಯ ಬಲ್ಗೇರಿಯ ಮಾನ್ಯತೆ ಕೊಟ್ಟಿತು. ಕೊಟ್ಟದ್ದು ರಾಷ್ಟ್ರಕ್ಕೆ, ಭಾಷೆಗಲ್ಲ! ಒಬ್ಬರ ಮಾತು ಇನ್ನೊಬ್ಬರಿಗೆ ಬಹುಮಟ್ಟಿಗೆ ತಿಳಿಯುತ್ತದೆ. ಮ್ಯಾಸಿಡೋನಿಯನ್ನಿನ ವರ್ಣಮಾಲೆ, ಬರವಣಿಗೆಯ ನಿಯಮಗಳು ಗೊತ್ತಾದದ್ದು 1945ರಲ್ಲಿ. ಅದು ನಮ್ಮದೇ ಒಂದು ಉಪಭಾಷೆ ಎಂಬುದು ಬಲ್ಗೇರಿಯದ ಹಟ.

ಹೀಗಾಗಿ ಹಲವು ಒಪ್ಪಂದಗಳು ಸಹಿಯಿಲ್ಲದೆ ಕೊಳೆತವು. ಯಾಕೆ ಅಂತೀರಾ? ಒಪ್ಪಂದ ಯಾವ ಯಾವ ಭಾಷೆಗಳಲ್ಲಿದೆ ಎಂದು ಕೊನೆಗೆ ಬರೆಯುವುದು ವಾಡಿಕೆ. ಅಲ್ಲೇ ತೊಡಕು. 1999ರಲ್ಲಿ ಪ್ರಧಾನಿಗಳಾದ ಕೊಸ್ತೊವ್, ಗಿಯೊರ್ಗಿಯೆವ್ಸ್ಕಿ ಒಂದು ಉಪಾಯ ಹೂಡಿದರು: ಆಯಾ ದೇಶದ ಸಂವಿಧಾನದ ಪ್ರಕಾರ ಬಲ್ಗೇರಿಯನ್, ಮ್ಯಾಸಿಡೋನಿಯನ್ ಭಾಷೆಗಳಲ್ಲಿ ಎಂದು ಬರೆದರು. ಹಾಗೆನ್ನುವುದು ಅವರ ಸಂವಿಧಾನ, ನಾವಲ್ಲ ಎಂದುಕೊಳ್ಳಲು ಇವರಿಗೆ ಎಡೆಯಾಯಿತು. ಅವರಿಗೆ ಹೆಸರು ಉಳಿಯಿತು. ಜಾಣ ವಾಕ್ಯವೇನೋ ಹೌದು, ಆದರೆ ನನಗದು ಪರಿಹಾರವೆನಿಸುವುದಿಲ್ಲ. 2020ರಲ್ಲಿ ಭಾಷೆ, ಇತಿಹಾಸಗಳ ಜಗಳ ಮತ್ತೆ ಎದ್ದಿತು. ಉತ್ತರ ಮ್ಯಾಸಿಡೋನಿಯ (2019ರಿಂದ ಅದರ ಹೆಸರು ಹೀಗೆ) ಯೂರೋಪಿಯನ್ ಒಕ್ಕೂಟ ಸೇರುವ ಮಾತುಕತೆಗೇ ಬಲ್ಗೇರಿಯ ತಡೆಯೊಡ್ಡಿತು. 2022ರಲ್ಲಿ ಫ್ರಾನ್ಸ್ ನಡುವೆ ಬಂದ ಮೇಲೆ ತಡೆ ಸರಿಯಿತು. ಜೊತೆಗೆ, ಅಲ್ಲಿನ ಬಲ್ಗೇರಿಯನ್ನರನ್ನು ಸಂವಿಧಾನದಲ್ಲಿ ಹೆಸರಿಸಬೇಕೆಂಬ ಷರತ್ತೂ ಬಂತು.