ಟೀ ಟ್ರೀ ಎಣ್ಣೆ ಕೆಚ್ಚಲು ಬಾವಿಗೆ ಮದ್ದೇ?



ಈ ಮಳೆಗಾಲದಲ್ಲಿ ಕೆಂಗೇರಿ, ತಾವರೆಕೆರೆ ಕಡೆಯ ಸಂಘಗಳಿಗೆ ಹೋದಾಗಲೆಲ್ಲ ಒಂದು ಪ್ರಶ್ನೆ ಎದುರಾಯಿತು: "ಡಾಕ್ಟ್ರೇ, ಕೆಚ್ಚಲು ಬಾವಿಗೆ ಟೀ ಟ್ರೀ ಎಣ್ಣೆ ಹಾಕಬಹುದಾ?" ರಾಜಾಜಿನಗರ, ವಿಜಯನಗರದ ಅಂಗಡಿಗಳಲ್ಲಿ ಮೊಡವೆಗೆ, ತಲೆಹೊಟ್ಟಿಗೆ ಎಂದು ಮಾರುವ ಪುಟ್ಟ ಬಾಟಲಿ ಈಗ ಕೊಟ್ಟಿಗೆಗೂ ಬಂದಿದೆ. ಒಬ್ಬ ತಾಯಿ ಅದನ್ನು ಕೊಬ್ಬರಿ ಎಣ್ಣೆಗೆ ಬೆರೆಸಿ, ಸಿರಿಂಜಿನಲ್ಲಿ ಹಸುವಿನ ಮೊಲೆತೊಟ್ಟಿನೊಳಗೇ ಬಿಟ್ಟಿದ್ದರು. ನಾಲ್ಕು ದಿನ ಕಾದು ನಮಗೆ ಫೋನ್ ಮಾಡುವ ಹೊತ್ತಿಗೆ ಕೆಚ್ಚಲಿನ ಆ ಭಾಗ ಕಲ್ಲಿನಂತೆ ಗಟ್ಟಿಯಾಗಿತ್ತು. ಹಸು ಉಳಿಯಿತು, ಆ ತೊಟ್ಟಿನಲ್ಲಿ ಮಾತ್ರ ಹಾಲು ಮತ್ತೆ ಬರಲಿಲ್ಲ.

ಅವರದು ಅಜಾಗರೂಕತೆ ಎನ್ನಲಾರೆ. "ಈ ಎಣ್ಣೆ ಕೀಟಾಣು ಕೊಲ್ಲುತ್ತದೆ" ಎಂದು ಕೇಳಿದ್ದರು, ಅದು ಸುಳ್ಳಲ್ಲ. ಎಲ್ಲಿ ಕೊಲ್ಲುತ್ತದೆ, ಎಷ್ಟರಮಟ್ಟಿಗೆ ಎನ್ನುವುದನ್ನು ತಿಳಿದುಕೊಳ್ಳಬೇಕು.

ಯಾವ ಮರ, ಯಾವ ಎಣ್ಣೆ?

ಹೆಸರಿನಲ್ಲಿ ಟೀ ಇದ್ದರೂ ನಾವು ಕುಡಿಯುವ ಟೀ ಸೊಪ್ಪಿಗೂ ಇದಕ್ಕೂ ಸಂಬಂಧವಿಲ್ಲ. ಇದು ಆಸ್ಟ್ರೇಲಿಯಾದ ಮರ, ಹೆಸರು ಮೆಲಲೂಕಾ ಆಲ್ಟರ್ನಿಫೋಲಿಯಾ. ನಮ್ಮ ನೀಲಗಿರಿ, ನೇರಳೆ, ಸೀಬೆ ಸೇರಿದ ಸಸ್ಯ ಕುಟುಂಬವೇ ಇದರದ್ದೂ. ಅಲ್ಲಿನ ಮೂಲನಿವಾಸಿಗಳು ಎಲೆ ಜಜ್ಜಿ ಗಾಯಕ್ಕೆ ಹಚ್ಚುತ್ತಿದ್ದರು. 1920ರ ದಶಕದಲ್ಲಿ ಸಿಡ್ನಿಯ ರಸಾಯನಶಾಸ್ತ್ರಜ್ಞ ಆರ್ಥರ್ ಪೆನ್‌ಫೋಲ್ಡ್ ಈ ಎಣ್ಣೆಯನ್ನು ಪರೀಕ್ಷಿಸಿ, ಆಗ ಆಸ್ಪತ್ರೆಗಳಲ್ಲಿ ಬಳಸುತ್ತಿದ್ದ ಕಾರ್ಬಾಲಿಕ್ ಆಮ್ಲಕ್ಕಿಂತ ಇದು ಹಲವು ಪಟ್ಟು ಬಲವಾಗಿ ಕೀಟಾಣು ಕೊಲ್ಲುತ್ತದೆ ಎಂದು ತೋರಿಸಿದರು.

ಈ ಎಣ್ಣೆಯಲ್ಲಿ ನೂರರ ಆಸುಪಾಸಿನಷ್ಟು ಅಂಶಗಳಿವೆ. ಮುಖ್ಯವಾದದ್ದು ಟರ್ಪಿನೆನ್-4-ಆಲ್. 2017ರ ಅಂತರರಾಷ್ಟ್ರೀಯ ಮಾನದಂಡದಂತೆ ಇದು ಕನಿಷ್ಠ ಶೇ 35ರಷ್ಟು ಇರಬೇಕು. ನೀಲಗಿರಿ ಎಣ್ಣೆಯ ಮುಖ್ಯ ಅಂಶ ಸಿನಿಯೋಲ್, ಅದು ಬೇರೆ. ಆದ್ದರಿಂದ "ಎರಡೂ ಒಂದೇ" ಎಂದು ಒಂದರ ಬದಲು ಇನ್ನೊಂದು ಬಳಸುವುದೂ ತಪ್ಪು.

ಸಂಶೋಧನೆ ಹೇಳುವುದೇನು?

ಪ್ರಯೋಗಾಲಯದಲ್ಲಿ ಈ ಎಣ್ಣೆ ಕೀಟಾಣುವಿನ ಹೊರಪೊರೆಯನ್ನು ಕೆಡಿಸುತ್ತದೆ. ಪೊರೆ ಹಾಳಾದರೆ ಒಳಗಿನದೆಲ್ಲ ಸೋರಿ ಕೀಟಾಣು ಸಾಯುತ್ತದೆ. ಹೀಗೆ ಸಾಯುವುದರಲ್ಲಿ ಸ್ಟ್ಯಾಫಿಲೋಕಾಕಸ್ ಆರಿಯಸ್ ಕೂಡ ಒಂದು. ನಮ್ಮ ಹಸುಗಳಲ್ಲಿ ಹಟಮಾರಿ ಕೆಚ್ಚಲು ಬಾವು ತರುವುದೂ ಇದೇ.

ಮನುಷ್ಯರ ಮೇಲೂ ಪರೀಕ್ಷೆಗಳು ನಡೆದಿವೆ. 1990ರಲ್ಲಿ ಆಸ್ಟ್ರೇಲಿಯಾದಲ್ಲಿ 124 ಜನರ ಮೊಡವೆಗೆ ಶೇ 5ರ ಟೀ ಟ್ರೀ ಜೆಲ್ ಹಚ್ಚಿ ನೋಡಿದರು. ಗುಣ ಕಂಡಿತು, ಆದರೆ ಮಾಮೂಲಿ ಔಷಧಿಗಿಂತ ನಿಧಾನವಾಗಿ. 2004ರಲ್ಲಿ ಇಂಗ್ಲೆಂಡಿನ ಆಸ್ಪತ್ರೆಯೊಂದರ 224 ರೋಗಿಗಳ ಪರೀಕ್ಷೆಯ ವರದಿ ಬಂತು. ಇವರ ಮೈಮೇಲೆ ಔಷಧಿಗೆ ಬಗ್ಗದ ಸ್ಟ್ಯಾಫಿಲೋಕಾಕಸ್ ಸೇರಿಕೊಂಡಿತ್ತು. ಮೂಗಿನೊಳಗಿನ ಕೀಟಾಣು ಮುಪಿರೋಸಿನ್ ಮುಲಾಮಿನಿಂದ ಶೇ 78 ಜನರಲ್ಲಿ ಹೋಯಿತು, ಟೀ ಟ್ರೀ ಕ್ರೀಮಿನಿಂದ ಶೇ 47 ಜನರಲ್ಲಿ ಮಾತ್ರ.

ಗಾಜಿನ ತಟ್ಟೆಯಲ್ಲಿ ಗೆದ್ದ ಎಣ್ಣೆ ಮೂಗಿನೊಳಗೆ ಅರ್ಧಕ್ಕರ್ಧ ಸೋತಿತು. ಕೆಚ್ಚಲು ಮೂಗಿಗಿಂತಲೂ ಕಷ್ಟದ ಜಾಗ.

ಕೆಚ್ಚಲು ಏಕೆ ಬೇರೆ?

ಮೊದಲನೆಯದು, ಬಾವಿನ ಕೀಟಾಣು ಇರುವುದು ಚರ್ಮದ ಮೇಲಲ್ಲ. ಅದು ಹಾಲು ಉತ್ಪತ್ತಿಯಾಗುವ ಸಣ್ಣ ಚೀಲಗಳ ಆಳದಲ್ಲಿ, ಜೀವಕೋಶಗಳ ಒಳಗೂ ಅಡಗಿರುತ್ತದೆ. ಹೊರಗೆ ಹಚ್ಚಿದ ನಾಲ್ಕು ಹನಿ ಅಲ್ಲಿಗೆ ತಲುಪುವುದಿಲ್ಲ.

ಎರಡನೆಯದು, ಹಾಲಿನಲ್ಲಿ ಜಿಡ್ಡು ಇದೆ. ಇಂಥ ಎಣ್ಣೆ ಜಿಡ್ಡಿನಲ್ಲಿ ಕರಗಿ ಹೋಗುತ್ತದೆ. ಕೀಟಾಣುವಿಗೆ ತಾಗುವುದು ಕಡಿಮೆ, ಹಾಲಿಗೆ ಹತ್ತುವ ವಾಸನೆ ಹೆಚ್ಚು. ಒಂದು ಕ್ಯಾನ್ ವಾಸನೆಯ ಹಾಲು ಬಿ.ಎಂ.ಸಿ.ಗೆ ಬಿದ್ದರೆ ಊರಿನವರೆಲ್ಲರ ಹಾಲು ಕೆಡುತ್ತದೆ.

ಮೂರನೆಯದು, ನೀರು ಬೆರೆಸದ ಎಣ್ಣೆ ತೊಟ್ಟಿನ ಚರ್ಮವನ್ನು ಉರಿಸುತ್ತದೆ. ಬಿಸಿಲಿನಲ್ಲಿಟ್ಟ, ಮುಚ್ಚಳ ತೆರೆದಿಟ್ಟ ಹಳೆಯ ಎಣ್ಣೆಯಿಂದ ಅಲರ್ಜಿ ಇನ್ನೂ ಹೆಚ್ಚು. ತೊಟ್ಟಿನೊಳಗೆ ಸಿರಿಂಜು ತೂರಿಸಿದರೆ ಅದರ ಜೊತೆ ಹೊಸ ಕೀಟಾಣುಗಳೂ ಒಳಗೆ ಹೋಗುತ್ತವೆ. ನಾನು ಕಂಡ ಹಸುವಿನಲ್ಲಿ ಎಣ್ಣೆಯ ಜೊತೆಗೆ, ಕೈಬಿಟ್ಟುಹೋದ ನಾಲ್ಕು ದಿನಗಳೂ ಅಷ್ಟೇ ನಷ್ಟ ಮಾಡಿದವು.

ಇನ್ನೊಂದು ಎಚ್ಚರಿಕೆ. ಅಮೆರಿಕದ ಪ್ರಾಣಿ ವಿಷ ನಿಯಂತ್ರಣ ಕೇಂದ್ರದಲ್ಲಿ 2002ರಿಂದ 2012ರವರೆಗೆ ಅಪ್ಪಟ ಟೀ ಟ್ರೀ ಎಣ್ಣೆ ತಗುಲಿದ ನಾಯಿ, ಬೆಕ್ಕುಗಳ 443 ಪ್ರಕರಣಗಳು ದಾಖಲಾದವು. ಜೊಲ್ಲು ಸುರಿಯುವುದು, ನಡುಕ, ಕಾಲಿನಲ್ಲಿ ಶಕ್ತಿ ಇಲ್ಲದಿರುವುದು ಅವುಗಳ ಲಕ್ಷಣ. ಬಾಟಲಿಯನ್ನು ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಸಿಗದಂತೆ ಇಡಿ. ಹಚ್ಚಿದ ಜಾಗವನ್ನು ಕರು ನೆಕ್ಕಬಾರದು.

ನಮ್ಮೂರಿನ ಸಂಶೋಧನೆ

ಸಸ್ಯ ಮದ್ದೇ ಬೇಡ ಎಂದು ನಾನು ಹೇಳುತ್ತಿಲ್ಲ. ಆಂಟಿಬಯೋಟಿಕ್ ಬಳಕೆ ಕಡಿಮೆಯಾದಷ್ಟೂ ಹಾಲಿನಲ್ಲಿ ಔಷಧಿ ಶೇಷ ಕಡಿಮೆ, ಔಷಧಿಗೆ ಬಗ್ಗದ ಕೀಟಾಣುಗಳೂ ಕಡಿಮೆ. ಇದಕ್ಕಾಗಿಯೇ ಬೆಂಗಳೂರಿನ ಯಲಹಂಕದಲ್ಲಿರುವ ಟ್ರಾನ್ಸ್-ಡಿಸಿಪ್ಲಿನರಿ ವಿಶ್ವವಿದ್ಯಾಲಯದಲ್ಲಿ ಪ್ರೊ. ಎಂ.ಎನ್. ಬಾಲಕೃಷ್ಣನ್ ನಾಯರ್ ಅವರ ತಂಡ ರೈತರ ಮನೆಮದ್ದುಗಳನ್ನು ದಾಖಲಿಸಿ ಅಧ್ಯಯನ ಮಾಡಿತು. ರಾಷ್ಟ್ರೀಯ ಹೈನುಗಾರಿಕೆ ಅಭಿವೃದ್ಧಿ ಮಂಡಳಿಯೂ ಇದನ್ನು ಹಾಲು ಒಕ್ಕೂಟಗಳಿಗೆ ತಲುಪಿಸುತ್ತಿದೆ.

ಕೆಚ್ಚಲು ಬಾವಿಗೆ ಅವರು ಹೇಳುವ ಲೇಪ ಹೀಗಿದೆ: ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ಎಲೆಗೆ ಹಚ್ಚುವ ಸುಣ್ಣ 15 ಗ್ರಾಂ. ಮೂರನ್ನೂ ರುಬ್ಬಿದರೆ ಕೆಂಪು ಬಣ್ಣ ಬರುತ್ತದೆ. ಹಾಲನ್ನು ಪೂರ್ತಿ ಹಿಂಡಿ ತೆಗೆದು, ಕೆಚ್ಚಲು ತೊಳೆದು ಒರೆಸಿ. ಒಂದು ಹಿಡಿ ಲೇಪಕ್ಕೆ 150ರಿಂದ 200 ಮಿ.ಲೀ. ನೀರು ಬೆರೆಸಿ ಇಡೀ ಕೆಚ್ಚಲಿಗೆ ಹೊರಗಿನಿಂದ ಹಚ್ಚಿ. ದಿನಕ್ಕೆ ಹತ್ತು ಸಲ, ಐದು ದಿನ. ಪ್ರತಿದಿನ ಹೊಸದಾಗಿ ರುಬ್ಬಿಕೊಳ್ಳಿ. ಹಾಲು ಕರೆಯುವ ಮುನ್ನ ಚೆನ್ನಾಗಿ ತೊಳೆಯಿರಿ. ಯಾವ ಕಾರಣಕ್ಕೂ ತೊಟ್ಟಿನೊಳಗೆ ಬಿಡಬೇಡಿ.

ಇದೂ ವೈದ್ಯರಿಗೆ ತೋರಿಸುವುದರ ಜೊತೆಗೆ ಮಾಡುವ ಆರೈಕೆ, ತೋರಿಸುವುದರ ಬದಲಿಗಲ್ಲ.

ನೀವು ಮಾಡಬೇಕಾದದ್ದು

1. ಕರೆಯುವ ಮುನ್ನ ಮೊದಲ ಹಾಲಿನ ನಾಲ್ಕು ಧಾರೆಯನ್ನು ಕಪ್ಪು ಬಟ್ಟಲಿಗೆ ಹಿಂಡಿ ನೋಡಿ. ಗರಣೆ, ನೀರು, ರಕ್ತ ಕಂಡರೆ ಅದು ಬಾವು.

2. ಕಣ್ಣಿಗೆ ಕಾಣದ ಬಾವಿಗೆ ಸಿಎಂಟಿ ಪರೀಕ್ಷೆ ಮಾಡಿಸಿ. ನಾಲ್ಕು ತೊಟ್ಟಿನ ಹಾಲಿಗೂ ಬೇರೆ ಬೇರೆಯಾಗಿ ದ್ರಾವಣ ಬೆರೆಸಿ ಅಲ್ಲಾಡಿಸಿದಾಗ ಲೋಳೆಯಾದರೆ ಒಳಗೆ ತೊಂದರೆ ಇದೆ.

3. ಕರೆದ ಮೇಲೆ ತೊಟ್ಟುಗಳನ್ನು ಶೇ 0.5ರ ಅಯೋಡಿನ್ ದ್ರಾವಣದಲ್ಲಿ ಅದ್ದಿ. ತೊಟ್ಟಿನ ರಂಧ್ರ ಅರ್ಧ ಗಂಟೆಯಾದರೂ ತೆರೆದೇ ಇರುತ್ತದೆ. ಆ ಹೊತ್ತಿಗೆ ಮೇವು ಹಾಕಿ, ಹಸು ಮಲಗದಂತೆ ನೋಡಿಕೊಳ್ಳಿ.

4. ಬಾವು ಬಂದ ಹಸುವನ್ನು ಕೊನೆಗೆ ಕರೆಯಿರಿ. ಆ ಹಾಲನ್ನು ಸಂಘಕ್ಕೆ ಹಾಕಬೇಡಿ.

5. ಕೆಚ್ಚಲು ಬಿಸಿಯಾಗಿದ್ದರೆ, ಹಸು ಮೇವು ಬಿಟ್ಟಿದ್ದರೆ ಅದೇ ದಿನ ವೈದ್ಯರಿಗೆ ತಿಳಿಸಿ. ಇಂಜೆಕ್ಷನ್ ಕೊಟ್ಟರೆ ಎಷ್ಟು ದಿನ ಹಾಲು ಹಾಕಬಾರದು ಎಂದು ಕೇಳಿ, ಗೋಡೆಯ ಮೇಲೆ ಬರೆದಿಡಿ.

ಟೀ ಟ್ರೀ ಎಣ್ಣೆಯನ್ನು ಮನುಷ್ಯರ ಚರ್ಮಕ್ಕೆ, ಹದವಾಗಿ ಬೆರೆಸಿ ಬಳಸಲು ಒಂದಿಷ್ಟು ಆಧಾರವಿದೆ. ಹಸುವಿನ ಕೆಚ್ಚಲಿನೊಳಗೆ ಬಿಡಲು ಇಲ್ಲ. ಬಾಟಲಿ ಈಗಾಗಲೇ ಕೊಂಡಿದ್ದರೆ ಮನೆಯೊಳಗೇ ಇರಲಿ. ಮೊದಲ ಗರಣೆ ಕಂಡ ದಿನವೇ ಸಂಘದ ಕಾರ್ಯದರ್ಶಿಯವರ ಮೂಲಕ ನಮಗೆ ತಿಳಿಸಿ. ಮೊದಲ ದಿನ ತೋರಿಸಿದರೆ ತೊಟ್ಟು ಉಳಿಸಿಕೊಳ್ಳುವ ಅವಕಾಶ ಹೆಚ್ಚು.