ರೂಟರಿನಿಂದ ಸ್ಪಿಂಡಲಿಗೆ

ಪಶ್ಚಿಮ ದೆಹಲಿಯ ಕೀರ್ತಿನಗರವು ಮರದ ಪೀಠೋಪಕರಣಗಳಿಗೆ ಹೆಸರಾದ ಪೇಟೆ. ಮರಗೆಲಸದಲ್ಲಿ ಇಂದು ಉಳಿ ಕೊಡತಿಗಳ ಜೊತೆಗೆ ಕಂಪ್ಯೂಟರಿನ ಆಜ್ಞೆಯಂತೆ ಕೆತ್ತುವ ಸಿ.ಎನ್.ಸಿ. ಯಂತ್ರಗಳೂ ಸೇರಿಕೊಂಡಿವೆ. ಯಂತ್ರದ ಚಲನೆಯನ್ನು ಅಂಕೆಗಳಿಂದ ಆಳುವ ಈ ಪದ್ಧತಿಯನ್ನು 1952ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ಮಾಡಿ ತೋರಿಸಿದರು. ಅದರ ಮರುವರ್ಷವೇ ನಮ್ಮ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಸ್ಥಾಪಿತವಾಯಿತು. ಚಿಕ್ಕ ಸಿ.ಎನ್.ಸಿ. ಯಂತ್ರವನ್ನು ಕೊಂಡವರು ಬಡಗಿಯ ಕೈರೂಟರನ್ನೇ ಅದಕ್ಕೆ ಬಿಗಿದು ಕೆಲಸ ತೊಡಗುವುದುಂಟು. ಕೆಲಸ ಬೆಳೆದಂತೆ ರೂಟರನ್ನು ತೆಗೆದು ಸ್ಪಿಂಡಲನ್ನು ಕೂರಿಸಬೇಕೆನ್ನಿಸುತ್ತದೆ. ಈ ಬದಲಾವಣೆಯಲ್ಲಿ ಏನೇನು ಅಡಗಿದೆಯೆಂಬುದನ್ನು ವಿಚಾರಿಸೋಣ.

ಸ್ಪಿಂಡಲ್ ಎಂಬ ಮಾತು ಅಪರಿಚಿತವಾದರೂ ವಸ್ತು ಅಪರಿಚಿತವಲ್ಲ. ರಾಟೆಯಲ್ಲಿ ನೂಲನ್ನು ಹುರಿಗೊಳಿಸುತ್ತ ತಿರುಗುವ ಕದಿರಿಗೂ ಇಂಗ್ಲಿಷಿನಲ್ಲಿ ಅದೇ ಹೆಸರು. ಕದಿರು ಸೊಟ್ಟಗಾದರೆ ನೂಲು ಕಡಿಯುತ್ತದೆ. ಯಂತ್ರದ ಕದಿರು ನಡುಗಿದರೆ ಕೆತ್ತನೆ ಕೆಡುತ್ತದೆ.

ಕೈರೂಟರಿನಲ್ಲಿ ಸಾಮಾನ್ಯವಾಗಿ ಇರುವುದು ಕಾರ್ಬನ್ ಬ್ರಷ್ಷುಗಳ ಮೋಟಾರು. ಈ ಬ್ರಷ್ಷುಗಳು ಉಜ್ಜಿ ಉಜ್ಜಿ ಸವೆಯುತ್ತವೆ, ಸದ್ದೂ ಬಹಳ. ವೇಗವನ್ನು ಕಾಯುವ ಏರ್ಪಾಡಿಲ್ಲದ ರೂಟರು ಗಟ್ಟಿ ಮರ ಎದುರಾದಾಗ ನಿಧಾನವಾಗುತ್ತದೆ. ಸ್ಪಿಂಡಲಿನಲ್ಲಿರುವುದು ಬ್ರಷ್ಷಿಲ್ಲದ, ಮೂರು ಫೇಸಿನ ಮೋಟಾರು. ಅದರ ಬೇರಿಂಗುಗಳು ಹೆಚ್ಚು ನಿಖರವಾದವು. ಅದರ ವೇಗವು ವಿದ್ಯುತ್ತಿನ ಆವರ್ತನಕ್ಕೆ ಕಟ್ಟುಬಿದ್ದಿದೆ.

ಇದರ ಸೂತ್ರ ಸುಲಭವಾದುದು. ಆವರ್ತನವನ್ನು 120ರಿಂದ ಗುಣಿಸಿ, ಮೋಟಾರಿನ ಧ್ರುವಗಳ ಸಂಖ್ಯೆಯಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಸುತ್ತೆಂಬುದು ಸಿಗುತ್ತದೆ. ನಮ್ಮ ಮನೆಗೆ ಬರುವ ವಿದ್ಯುತ್ತು 50 ಹರ್ಟ್ಸಿನದು. ಎರಡು ಧ್ರುವಗಳ ಮೋಟಾರು ಅದರಿಂದ 3,000 ಸುತ್ತು ತಿರುಗೀತು. 24,000 ಸುತ್ತು ಬೇಕಾದರೆ 400 ಹರ್ಟ್ಸ್ ಬೇಕು. ಭಾರ ಬಿದ್ದಾಗ ನಿಜವಾದ ವೇಗ ಇದಕ್ಕಿಂತ ತುಸು ಕಡಿಮೆಯಾಗುತ್ತದೆ, ಅಷ್ಟೆ. ಈ ಆವರ್ತನವನ್ನು ಒದಗಿಸುವ ಪೆಟ್ಟಿಗೆಗೆ ಕಾರ್ಖಾನೆಗಳಲ್ಲಿ ವಿ.ಎಫ್.ಡಿ. ಎನ್ನುತ್ತಾರೆ.

ಅಪಾಯವಿರುವುದೂ ಇಲ್ಲಿಯೇ. 400 ಹರ್ಟ್ಸಿನಲ್ಲಿ 220 ವೋಲ್ಟಿಗೆಂದು ಮಾಡಿದ ಸ್ಪಿಂಡಲಿಗೆ 50 ಹರ್ಟ್ಸಿನಲ್ಲಿಯೇ 220 ವೋಲ್ಟನ್ನು ಕೊಟ್ಟರೆ ಏನಾದೀತು? ತಂತಿಯ ಸುರುಳಿಯು ಪರ್ಯಾಯ ವಿದ್ಯುತ್ತಿಗೆ ಒಡ್ಡುವ ತಡೆ ಆವರ್ತನದೊಡನೆ ಇಳಿಯುತ್ತದೆ. ಆವರ್ತನ ಎಂಟನೆಯ ಒಂದು ಪಾಲಾದಾಗ ಈ ತಡೆಯೂ ಅಷ್ಟೇ ಕುಗ್ಗಿ, ವಿದ್ಯುತ್ತು ಅತಿಯಾಗಿ ಹರಿದು, ಸುರುಳಿ ಸುಟ್ಟುಹೋಗುತ್ತದೆ. ಆದುದರಿಂದ ಆವರ್ತನ ಅರ್ಧವಾದರೆ ವೋಲ್ಟೂ ಸುಮಾರು ಅರ್ಧವಾಗಬೇಕು. ಸ್ಪಿಂಡಲಿನ ಫಲಕದ ಮೇಲಿನ ಅಂಕೆಗಳನ್ನು ಓದಿ, ಅವನ್ನು ವಿ.ಎಫ್.ಡಿ.ಯಲ್ಲಿ ತುಂಬಿದ ಮೇಲೆಯೇ ಅದನ್ನು ತಿರುಗಿಸಬೇಕು. ಒಂದು ಅಂಕೆಯ ತಪ್ಪಿನಿಂದ ಸಣ್ಣ ಕಾರ್ಖಾನೆಯವರ ಹಲವು ತಿಂಗಳ ಉಳಿತಾಯ ಹೊಗೆಯಾಗಬಹುದು.

ಒಂದು ಅಂಗ ಬದಲಾದರೆ ಉಳಿದವುಗಳೂ ಅದಕ್ಕೆ ಹೊಂದಬೇಕು. 80 ಮಿಲಿಮೀಟರ್ ದಪ್ಪದ ಸ್ಪಿಂಡಲನ್ನು 65 ಮಿಲಿಮೀಟರಿನ ರೂಟರು ಕುಳಿತಿದ್ದ ಹಿಡಿಕೆಯಲ್ಲಿ ಕೂರಿಸಲಾಗದು. ತೂಕ ಹೆಚ್ಚಿದ್ದರೆ ಅದನ್ನು ಎತ್ತಿಳಿಸುವ ಮೋಟಾರಿಗೂ ಚೌಕಟ್ಟಿಗೂ ಆ ಬಲವಿದೆಯೇ ಎಂದು ನೋಡಬೇಕು. ನೀರಿನಿಂದ ತಂಪಾಗುವ ಸ್ಪಿಂಡಲನ್ನು ನೀರಿನ ಓಟವಿಲ್ಲದೆ ನಡೆಸಬಾರದು. ದೆಹಲಿಯ ಬೇಸಗೆಯಲ್ಲಿ ತೊಟ್ಟಿಯ ನೀರೇ ಬಿಸಿಯಾಗುವುದರಿಂದ ತೊಟ್ಟಿ ದೊಡ್ಡದಾಗಿದ್ದು ನೆರಳಿನಲ್ಲಿರಬೇಕು. ಭೂಸಂಪರ್ಕದ ತಂತಿಯನ್ನು ಮರೆಯಲೇಕೂಡದು. ವಿ.ಎಫ್.ಡಿ.ಯ ಒಳಗಿನ ಕೆಪಾಸಿಟರುಗಳಲ್ಲಿ ವಿದ್ಯುತ್ತನ್ನು ಆರಿಸಿದ ಮೇಲೂ ಕೆಲವು ನಿಮಿಷ ಪ್ರಾಣಾಪಾಯಕರವಾದ ವಿದ್ಯುತ್ತು ಉಳಿದಿರುತ್ತದೆ; ಕೂಡಲೆ ಮುಚ್ಚಳ ತೆಗೆದು ಕೈಹಾಕಬಾರದು. ಇದೆಲ್ಲ ಬಲ್ಲ ಎಲೆಕ್ಟ್ರಿಷಿಯನ್ನನ ಕೆಲಸ. ವಿದ್ಯಾರ್ಥಿಗಳು ದೂರ ನಿಂತು ನೋಡಿ ಕಲಿಯಬೇಕು.

ಇಷ್ಟು ಶ್ರಮದ ಫಲವೇನು? ಒಂದು ಲೆಕ್ಕದಿಂದ ತಿಳಿಯೋಣ. ಎರಡು ಅಲಗುಗಳ ಬಿಟ್ಟು ನಿಮಿಷಕ್ಕೆ 18,000 ಸುತ್ತು ತಿರುಗುತ್ತ, ಪ್ರತಿ ಅಲಗೂ 0.1 ಮಿಲಿಮೀಟರ್ ಮುಂದುವರಿದು ಕತ್ತರಿಸಿದರೆ, ಯಂತ್ರವು ನಿಮಿಷಕ್ಕೆ 3,600 ಮಿಲಿಮೀಟರ್ ಸಾಗಬೇಕು. ಸಾಗುವ ವೇಗ ಅಷ್ಟೇ ಇದ್ದು ಸುತ್ತು 12,000ಕ್ಕೆ ಕುಸಿದರೆ ಪ್ರತಿ ಅಲಗಿನ ಪಾಲು 0.15 ಆಗುತ್ತದೆ. ಅಲಗಿನ ಮೇಲೆ ಹೊರೆ ಏರಿ ಬಿಟ್ಟು ಮುರಿಯಬಹುದು. ತನ್ನ ಶಕ್ತಿಯ ಮಿತಿಯೊಳಗೆ ಸ್ಪಿಂಡಲು ಸುತ್ತನ್ನು ಹೆಚ್ಚು ಕುಸಿಯಗೊಡುವುದಿಲ್ಲ. ಆದುದರಿಂದ ಕೆತ್ತನೆ ಆದಿಯಿಂದ ಅಂತ್ಯದವರೆಗೆ ಒಂದೇ ಸಮನಾಗಿರುತ್ತದೆ. ಆದರೂ ದಿನಕ್ಕೆ ಅರ್ಧ ಗಂಟೆ ತೆಳು ಹಲಗೆ ಕೊರೆಯುವವನಿಗೆ ರೂಟರೇ ಸಾಕು. ಕೆಲಸದ ಅಳತೆಗೆ ತಕ್ಕ ಸಲಕರಣೆಯೇ ಒಳ್ಳೆಯ ಸಲಕರಣೆ.

ತರಗತಿಯಲ್ಲಿ ಕಲಿತ ಗುಣಾಕಾರ ಭಾಗಾಕಾರಗಳು ಕಾರ್ಖಾನೆಯಲ್ಲಿ ಹೀಗೆ ಯಂತ್ರವನ್ನೂ ಕಾಯುತ್ತವೆ, ಕೆಲಸಗಾರನ ದುಡಿಮೆಯನ್ನೂ ಕಾಯುತ್ತವೆ.

ಅಭ್ಯಾಸ: ಎರಡು ಧ್ರುವಗಳ ಸ್ಪಿಂಡಲಿಗೆ 300 ಹರ್ಟ್ಸಿನ ವಿದ್ಯುತ್ತನ್ನು ಕೊಟ್ಟರೆ ಅದು ನಿಮಿಷಕ್ಕೆ ಎಷ್ಟು ಸುತ್ತು ತಿರುಗೀತು? 400 ಹರ್ಟ್ಸಿಗೆ 220 ವೋಲ್ಟ್ ಬೇಕಾದರೆ 300 ಹರ್ಟ್ಸಿಗೆ ಎಷ್ಟು ವೋಲ್ಟ್ ಬೇಕು?