ತೊಟ್ಟಿಕ್ಕುವ ನಲ್ಲಿ

ಬೆಂಗಳೂರಿನ ಮನೆಗಳಿಗೆ ಕಾವೇರಿಯ ನೀರು ತಾನಾಗಿ ಹರಿದು ಬರುವುದಿಲ್ಲ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರಕ್ಕೆ, 500 ಮೀಟರಿನಷ್ಟು ಎತ್ತರಕ್ಕೆ ಯಂತ್ರಗಳು ಅದನ್ನು ಏರಿಸಬೇಕು. ಹೀಗೆ ಬಂದ ನೀರು ಬಚ್ಚಲಿನ ನಲ್ಲಿಯಿಂದ ಸೆಕೆಂಡಿಗೊಂದು ಹನಿಯಂತೆ ತೊಟ್ಟಿಕ್ಕಿದರೆ ದಿನಕ್ಕೆ 86,400 ಹನಿಗಳಾದುವು. ಇಪ್ಪತ್ತು ಹನಿಗೆ ಒಂದು ಮಿಲಿಲೀಟರೆಂದರೂ ನಾಲ್ಕು ಲೀಟರಿಗೆ ಮೀರಿದ ನೀರು ಮೋರಿಯ ಪಾಲು!

ಇದರ ಕಾರಣ ಬಹುಮಟ್ಟಿಗೆ ಚಿಕ್ಕದು. ತಿರುಪಿನ ನಲ್ಲಿಯೊಳಗೆ ವಾಷರ್ ಎಂಬ ರಬ್ಬರಿನ ಬಿಲ್ಲೆಯಿರುತ್ತದೆ. ಹಿಡಿಯನ್ನು ತಿರುಗಿಸಿದಾಗ ಅದು ನೀರಿನ ದಾರಿಯನ್ನು ಒತ್ತಿ ಮುಚ್ಚುತ್ತದೆ. ಬಿಲ್ಲೆ ಸವೆದಾಗ ಹನಿ ಜಾರುತ್ತದೆ. ಆಗ ಮನೆಯವರು ಬಲವನ್ನೆಲ್ಲ ಹಾಕಿ ತಿರುಗಿಸುವರು. ಕೆಲವರಂತೂ ಬಟ್ಟೆಯ ಚೂರನ್ನು ಕಟ್ಟಿ ಹನಿಯ ಸದ್ದನ್ನು ಮಾತ್ರ ಅಡಗಿಸುವರು. ಬಿಗಿದಷ್ಟೂ ಬಿಲ್ಲೆ ಹರಿಯುತ್ತದೆ, ಅದು ಕೂರುವ ಜಾಗವೂ ಕೆಡುತ್ತದೆ. ಒಂದು ವಾಷರಿನಿಂದ ಮುಗಿಯುತ್ತಿದ್ದ ಕೆಲಸಕ್ಕೆ ಹೊಸ ನಲ್ಲಿಯೇ ಬೇಕಾಗುತ್ತದೆ.

ಆದುದರಿಂದ ಪ್ಲಂಬರನ್ನು ತಡಮಾಡದೆ ಕರೆಯುವುದು ಲೇಸು. ಕೂಲಿ ಎಷ್ಟು, ಸಾಮಾನು ಯಾರು ತರಬೇಕು ಎಂಬುದನ್ನು ಕೆಲಸಕ್ಕೆ ಮೊದಲೇ ಮಾತಾಡಿಕೊಳ್ಳಬೇಕು. ಮೇಲಿನ ತೊಟ್ಟಿಯಿಂದ ಇಳಿಯುವ ಕೊಳವೆಯ ವಾಲ್ವು ಎಲ್ಲಿದೆಯೆಂಬುದು ಮನೆಯ ಮಕ್ಕಳಿಗೂ ತಿಳಿದಿರಬೇಕು. ನಡುರಾತ್ರಿ ಕೊಳವೆ ಒಡೆದರೆ, ಪ್ಲಂಬರು ಬರುವವರೆಗೆ ತೊಟ್ಟಿಯ ನೀರನ್ನು ಉಳಿಸುವುದು ಆ ವಾಲ್ವೊಂದೇ.